ಕಾಗದದ ಮನೆ ಯಾರದು?



ಡಿಸೆಂಬರ್ ತಿಂಗಳು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆ ಆರಂಭವಾಗುತ್ತದೆ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಅದು ಹಸುರು ಹೊಲವಾಗುತ್ತದೆ. ರಟ್ಟಿನ ಡಬ್ಬಿಗೆ ಕಂದು ಕಾಗದ ಸುತ್ತಿದರೆ ಗುಡ್ಡವಾಗುತ್ತದೆ; ಕನ್ನಡಿಯ ಚೂರು ಕೆರೆಯಾಗುತ್ತದೆ. ಇವುಗಳ ಜೊತೆಗೆ ಇತ್ತೀಚೆಗೆ ಮತ್ತೊಂದು ಬಗೆಯ ಕೈಗೆಲಸವೂ ಮನೆ ಸೇರಿದೆ. ಎಲ್ಲಿಯೋ ದೂರದಲ್ಲಿರುವ ಒಬ್ಬರು ಬರೆದ ನಕ್ಷೆಯನ್ನು ಕಂಪ್ಯೂಟರಿನಿಂದ ಮುದ್ರಿಸಿಕೊಂಡು, ಕತ್ತರಿಸಿ, ಮಡಚಿ, ಅಂಟಿಸಿ ಗೊಂಬೆಮನೆಯನ್ನು ಕಟ್ಟುವುದು. ಅದರೊಳಗಿನ ಹಾಸಿಗೆಗೆ, ನೆಲಗಂಬಳಿಗೆ, ಕಿಟಕಿಯ ಪರದೆಗೆ ಅದೇ ರೀತಿ ಪಡೆದ ನಮೂನೆಯನ್ನು ನೋಡಿ ದಾರದ ಕೆಲಸ ಮಾಡುವುದು. ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ಈ ಕೆಲಸದಲ್ಲಿ ತೊಡಗಿರಬಹುದು.

ತುಮಕೂರು ತಾಲ್ಲೂಕಿನ ಊರ್ಡಿಗೆರೆಯಲ್ಲಿ, ದೇವರಾಯನದುರ್ಗದ ಬೆಟ್ಟಗಳ ಆಸುಪಾಸಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿ ಮಗಳು ಸೇರಿ ಎರಡು ತಿಂಗಳ ಸಂಜೆಗಳನ್ನು ವ್ಯಯಿಸಿ ಇಂಥದೊಂದು ಮನೆಯನ್ನು ಕಟ್ಟಿ, ಸಭೆಯ ಸಹಾಯಾರ್ಥ ಮಾರಾಟದ ಮೇಜಿನ ಮೇಲೆ ತಂದಿಡುತ್ತಾರೆ. ನೋಡಲು ಬಂದವರಲ್ಲಿ ಒಬ್ಬರು, “ಇದರಲ್ಲಿ ನಿಮ್ಮದೇನಿದೆ? ಯಾರೋ ಬರೆದದ್ದನ್ನು ಕತ್ತರಿಸಿ ಅಂಟಿಸಿದ್ದೀರಿ, ಅಷ್ಟೇ ತಾನೇ?” ಎನ್ನುತ್ತಾರೆ. ಮತ್ತೊಬ್ಬರು ನಕ್ಷೆಯ ಹಾಳೆಯನ್ನು ತಿರುಗಿಸಿ ನೋಡಿ, “ಸ್ವಂತ ಬಳಕೆಗೆ ಮಾತ್ರ ಎಂದು ಇಲ್ಲಿ ಬರೆದಿದೆಯಲ್ಲಾ, ಮಾರಬಹುದೇ ಅಮ್ಮಾ?” ಎಂದು ಕೇಳುತ್ತಾರೆ. ಮೊದಲನೆಯ ಮಾತು ಚುಚ್ಚುತ್ತದೆ, ಎರಡನೆಯದು ಕಾಡುತ್ತದೆ. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು: ಇನ್ನೊಬ್ಬರ ಮಾದರಿಯನ್ನು ಅನುಸರಿಸಿ ನಾವು ಮಾಡಿದ ವಸ್ತು ಯಾರದು?

ಮೊದಲ ಮಾತನ್ನಾಡಿದವರು ಬಹುಶಃ ಒಮ್ಮೆಯೂ ಕತ್ತರಿ ಹಿಡಿದವರಲ್ಲ. ಗೊಂಬೆಮನೆಯ ಕೆಲಸದಲ್ಲಿ ಬಹಳ ಬಳಕೆಯಲ್ಲಿರುವ ಅಳತೆ ಹನ್ನೆರಡಕ್ಕೆ ಒಂದು. ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚಾಗುತ್ತದೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟರೆ ಸುಮಾರು 8 ಅಡಿ ಎತ್ತರದ, 11½ ಅಡಿ ಅಗಲದ ಗೋಡೆಯೊಂದು ಅದರಲ್ಲಿ ಹಿಡಿಸುತ್ತದೆ. ಅಂದರೆ ಸಾಧಾರಣ ಕೋಣೆಯ ಒಂದು ಗೋಡೆಗೆ ಒಂದು ಹಾಳೆ. ಕೇಳಲು ಸುಲಭ. ಆದರೆ ಅಮೆರಿಕದವರು ನಕ್ಷೆ ಬರೆಯುವುದು 8½ ಇಂಚು ಅಗಲ, 11 ಇಂಚು ಉದ್ದದ ಬೇರೆ ಹಾಳೆಗೆ. ಅದನ್ನು ನಮ್ಮ ಹಾಳೆಗೆ ಹೊಂದಿಸಿ ಮುದ್ರಿಸು ಎಂದು ಯಂತ್ರಕ್ಕೆ ಹೇಳಿದರೆ ಅದು ಸದ್ದಿಲ್ಲದೆ ಎಲ್ಲವನ್ನೂ ಶೇಕಡಾ 97ಕ್ಕೆ ಕುಗ್ಗಿಸಿಬಿಡುತ್ತದೆ. ಒಂದು ಗೋಡೆ ಕುಗ್ಗಿ, ಇನ್ನೊಂದು ಕುಗ್ಗದೆ ಉಳಿದರೆ ಮೂಲೆ ಕೂಡುವುದಿಲ್ಲ. ಆದುದರಿಂದಲೇ ಬಲ್ಲವರು ಮೊದಲು ಒಂದು ಇಂಚಿನ ಚೌಕವೊಂದನ್ನು ಮುದ್ರಿಸಿ, ಅಳತೆಪಟ್ಟಿ ಇಟ್ಟು ನೋಡಿಯೇ ಮುಂದುವರಿಯುತ್ತಾರೆ. ಮಡಚುವ ಗೆರೆಯ ಮೇಲೆ ಶಾಯಿ ಮುಗಿದ ಪೆನ್ನಿನಿಂದ ಗೀರಬೇಕು. ಅಂಟು ಹೆಚ್ಚಾದರೆ ಬಣ್ಣ ಹರಡುತ್ತದೆ, ಕಡಿಮೆಯಾದರೆ ರಾತ್ರಿಯೇ ಬಿಟ್ಟುಕೊಳ್ಳುತ್ತದೆ.

ದಾರದ ಕೆಲಸದ ಲೆಕ್ಕವನ್ನು ಕೇಳಿ. ಆರು ಅಡಿ ಉದ್ದ, ಮೂರು ಅಡಿ ಅಗಲದ ನೆಲಗಂಬಳಿ ಗೊಂಬೆಮನೆಯಲ್ಲಿ ಆರು ಇಂಚು, ಮೂರು ಇಂಚು ಆಗುತ್ತದೆ. ಒಂದು ಇಂಚಿಗೆ 18 ಚೌಕಗಳಿರುವ ಬಟ್ಟೆಯ ಮೇಲೆ ಅದನ್ನು ಕ್ರಾಸ್‌ಸ್ಟಿಚ್‌ನಲ್ಲಿ ತುಂಬಬೇಕಾದರೆ ಉದ್ದಕ್ಕೆ 108, ಅಗಲಕ್ಕೆ 54, ಒಟ್ಟು 5,832 ಹೊಲಿಗೆಗಳು. ಪ್ರತಿ ಹೊಲಿಗೆಗೂ ಎರಡು ಓರೆ ಎಳೆಗಳು. ಮೇಲಿನ ಎಳೆಗಳೆಲ್ಲವೂ ಒಂದೇ ದಿಕ್ಕಿಗೆ ಬಾಗಿರಬೇಕು. ಎಲ್ಲಿಯೋ ಒಂದು ಚೌಕ ತಪ್ಪಿದರೆ ಅಂಚಿಗೆ ಬಂದಾಗ ಹೂವು ಅರ್ಧಕ್ಕೆ ತುಂಡಾಗುತ್ತದೆ. ಬಿಚ್ಚಬೇಕು, ಮತ್ತೆ ಹಾಕಬೇಕು. ನಮೂನೆಯನ್ನು ಬರೆದವರು ಈ 5,832ರಲ್ಲಿ ಒಂದನ್ನೂ ಹಾಕಿಕೊಟ್ಟಿರುವುದಿಲ್ಲ.

ಮಾದರಿಯನ್ನು ಅನುಸರಿಸಿ ಮಾಡುವ ಕೆಲಸವನ್ನು ಕೀಳೆಂದು ಭಾವಿಸುವುದು ಈಚಿನ ಅಭ್ಯಾಸವೆಂದು ನನಗನ್ನಿಸುತ್ತದೆ. ವಿಮೋಚನಕಾಂಡವನ್ನು ತೆರೆದು ನೋಡಿ. ದೇವದರ್ಶನದ ಗುಡಾರದ ಮಾದರಿಯನ್ನು ಮೋಶೆಗೆ ಬೆಟ್ಟದ ಮೇಲೆ ತೋರಿಸಲಾಯಿತು. ಅದು ಬೆಚಲೇಲನ ಕಲ್ಪನೆಯಲ್ಲ, ಒಹೊಲೀಯಾಬನದೂ ಅಲ್ಲ. ಮೊಳ ಗೇಣುಗಳ ಲೆಕ್ಕ, ದಾರದ ಬಣ್ಣ, ಪರದೆಯ ಕುಣಿಕೆಗಳ ಸಂಖ್ಯೆ, ಎಲ್ಲವೂ ಮೊದಲೇ ನಿಶ್ಚಯವಾಗಿದ್ದವು. ಆದರೂ ಕೆಲಸ ಮಾಡಿದ ಆ ಇಬ್ಬರ ಹೆಸರನ್ನು ಗ್ರಂಥವು ಕುಲಸಹಿತವಾಗಿ ದಾಖಲಿಸಿದೆ. ಒಹೊಲೀಯಾಬನು ಕಸೂತಿಯ ಕೆಲಸ ಬಲ್ಲವನೆಂದು ಹೇಳಿದೆ. ನೂಲು ತೆಗೆದ ಸ್ತ್ರೀಯರನ್ನೂ ಮರೆತಿಲ್ಲ. ಮಾದರಿ ಕೊಟ್ಟವರು ಒಬ್ಬರು, ಕೈ ಹಚ್ಚಿದವರು ಮತ್ತೊಬ್ಬರು. ಇಬ್ಬರಿಗೂ ಸಲ್ಲಬೇಕಾದದ್ದು ಸಂದಿದೆ. ಒಂದು ಹೆಸರು ಇನ್ನೊಂದನ್ನು ಅಳಿಸಿಲ್ಲ.

ಮುದ್ರಿತ ಹಾಳೆಯೂ ಹೊಸದೇನಲ್ಲ. ಫ್ರಾನ್ಸಿನ ಎಪಿನಾಲ್ ಪಟ್ಟಣದಲ್ಲಿ 1796ರಲ್ಲಿ ಆರಂಭವಾದ ಪೆಲ್ಲರಾಂ ಮುದ್ರಣಾಲಯವೂ, ಜರ್ಮನಿಯ ಎಸ್ಲಿಂಗೆನ್‌ನಲ್ಲಿ 1831ರಲ್ಲಿ ಸ್ಥಾಪಿತವಾದ ಶ್ರೈಬರ್ ಪ್ರಕಾಶನವೂ ಕತ್ತರಿಸಿ ಕಟ್ಟುವ ಮನೆಗಳ, ರಂಗಮಂಟಪಗಳ ಹಾಳೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮನೆಮನೆಗೆ ತಲಪಿಸಿದವು. ಮರದ ಗೊಂಬೆಮನೆಯನ್ನು ಕೊಳ್ಳಲಾರದವರ ಮಕ್ಕಳಿಗೂ ಕಾಗದದ ಮನೆ ದೊರೆಯಿತು. ಮತ್ತೊಂದು ತುದಿಯಲ್ಲಿ, ಹೊಸದಿಲ್ಲಿಯನ್ನು ಯೋಜಿಸಿದ ಎಡ್ವಿನ್ ಲಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ರೂಪಿಸಿದ ಗೊಂಬೆಮನೆ 1924ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ನಲ್ಲಿಯಿಂದ ನೀರು ಬರುತ್ತದೆ, ಕಪಾಟಿನಲ್ಲಿ ಓದಬಹುದಾದ ಕಿರುಪುಸ್ತಕಗಳಿವೆ. ಅರಮನೆಯ ವೈಭವವನ್ನು ಅರಮನೆಯವರಿಗೇ ಬಿಡೋಣ. ನನಗೆ ಹೆಚ್ಚು ನೆನಪಾಗುವವರು ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ (1878–1962). ಅನುಮಾನಾಸ್ಪದ ಸಾವುಗಳನ್ನು ತನಿಖೆ ಮಾಡುವ ಪೊಲೀಸರಿಗೆ ಕಣ್ಣು ಪಳಗಲೆಂದು ಆಕೆ 1940ರ ದಶಕದಲ್ಲಿ, ಇದೇ ಹನ್ನೆರಡಕ್ಕೆ ಒಂದರ ಅಳತೆಯಲ್ಲಿ, ಸಾವು ನಡೆದ ಕೋಣೆಗಳ ಪ್ರತಿರೂಪಗಳನ್ನು ಮಾಡಿಸಿದರು. ಗೊಂಬೆಯ ಕಾಲುಚೀಲಗಳನ್ನು ಗುಂಡುಸೂಜಿಗಳಿಂದ ತಾವೇ ಹೆಣೆದರು. ಬಡವಳೊಬ್ಬಳ ಕೋಣೆಯ ಸಣ್ಣದೊಂದು ವಿವರ ಸುಳ್ಳಾದರೆ ಆಕೆಯ ಸಾವಿನ ಸತ್ಯವೂ ಕೈತಪ್ಪೀತೆಂಬುದು ಆ ಶ್ರದ್ಧೆಯ ಹಿಂದಿದ್ದ ಕಾಳಜಿ.

ಹಾಗಾದರೆ ನಮ್ಮ ನಾಡಿನಲ್ಲಿ? ಧಾರವಾಡ ಸೀಮೆಯ ಕಸೂತಿಯನ್ನು ನೀವು ನೋಡಿರುತ್ತೀರಿ. ಗೋಪುರ, ತೇರು, ಪಲ್ಲಕ್ಕಿ, ಆನೆ, ತುಳಸಿಕಟ್ಟೆ ಎಲ್ಲವೂ ಸೀರೆಯ ಸೆರಗಿನ ಮೇಲೆ ಅಂಗೈಗಿಂತ ಕಿರಿದಾಗಿ ನಿಲ್ಲುತ್ತವೆ. ಒಂದು ರೀತಿಯಲ್ಲಿ ಅವೂ ಗೊಂಬೆಮನೆಗಳೇ. ಸಾಂಪ್ರದಾಯಿಕವಾಗಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಗಂಟು ಹಾಕುವುದಿಲ್ಲ, ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುತ್ತದೆ. ಈ ಗೋಪುರವನ್ನು ಮೊದಲು ಎಣಿಸಿದ ಹೆಣ್ಣುಮಗಳು ಯಾರೆಂದು ಕೇಳಿದರೆ ಉತ್ತರವಿಲ್ಲ. ಅಜ್ಜಿಯ ಸೀರೆಯನ್ನು ನೋಡಿ ತಾಯಿ, ತಾಯಿಯದನ್ನು ನೋಡಿ ಮಗಳು ಕಲಿತರು. ಕಸೂತಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದು ರಕ್ಷಿಸುವುದು ಒಂದು ಸೀಮೆಯ ಹೆಸರನ್ನು, ಒಬ್ಬ ವ್ಯಕ್ತಿಯ ಹೆಸರನ್ನಲ್ಲ. ಅಲ್ಲಿ ನಮೂನೆ ಎಲ್ಲರದು. ನಮೂನೆಗಳೆಲ್ಲವೂ ಊರ ಬಾವಿಯ ನೀರಿನಂತೆ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಲು ಈ ಪರಂಪರೆಯೂ ಒಂದು ಕಾರಣವಿರಬೇಕು.

ಎರಡನೆಯ ಪ್ರಶ್ನೆ ತೊಡಕಾಗುವುದು ಇಲ್ಲಿಯೇ. ಊರ ಬಾವಿ ಬೇರೆ, ನೆರೆಯವರು ತಮ್ಮ ಹಿತ್ತಲಿನಲ್ಲಿ ತೋಡಿ, ಕುಡಿಯಲು ಒಯ್ಯಿರಿ ಎಂದು ಬಾಗಿಲು ತೆರೆದಿಟ್ಟ ಬಾವಿ ಬೇರೆ. ಅವರು ಕುಡಿಯಲು ಎಂದರು. ನಾವು ಟ್ಯಾಂಕರಿಗೆ ತುಂಬಿಸಿ ಮಾರಿದರೆ? ಕಾನೂನಿನ ಮಾತನ್ನು ಬೇಗನೆ ಮುಗಿಸುತ್ತೇನೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರವೊಂದರ ಹಕ್ಕು ಬರೆದವರ ಜೀವಿತಕಾಲದವರೆಗೂ, ಅವರ ಮರಣಾನಂತರ 60 ವರ್ಷಗಳವರೆಗೂ ಇರುತ್ತದೆ. ಖಾಸಗಿ ಬಳಕೆಗಾಗಿ ನ್ಯಾಯವಾದ ಮಿತಿಯಲ್ಲಿ ಉಪಯೋಗಿಸಲು 52ನೆಯ ಕಲಮು ಅವಕಾಶ ಕೊಡುತ್ತದೆ. ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವಾದರೋ, ಹಕ್ಕನ್ನು ಮಾರಿಕೊಂಡ ಮೇಲೂ ಕರ್ತೃವಿನಲ್ಲೇ ಉಳಿಯುತ್ತದೆಂದು 57ನೆಯ ಕಲಮು ಹೇಳುತ್ತದೆ. ಎಪಿನಾಲಿನ ಹಳೆಯ ಹಾಳೆಗಳಿಗೆ ಈಗ ಈ ಕಟ್ಟಿಲ್ಲ. ನಿನ್ನೆ ಮೊನ್ನೆ ಬರೆದ ನಕ್ಷೆಗೆ ಇದೆ.

ಆದರೆ ಪೊಲೀಸರು ಊರ್ಡಿಗೆರೆಗೆ ಬಂದು ಕಾಗದದ ಮನೆಯನ್ನು ವಶಪಡಿಸಿಕೊಳ್ಳುವುದಿಲ್ಲವೆಂದು ನಮಗೆಲ್ಲರಿಗೂ ಗೊತ್ತು. ಯಾರೂ ನೋಡದಿರುವಾಗ ನಾವು ಏನು ಮಾಡುತ್ತೇವೆ ಎಂಬುದಷ್ಟೇ ಇಲ್ಲಿರುವ ಪ್ರಶ್ನೆ. “ಹಣವೇನು ನಮ್ಮ ಜೇಬಿಗೆ ಹೋಗುತ್ತದೆಯೇ? ಬಡ ಮಕ್ಕಳ ಶುಲ್ಕಕ್ಕೆ ತಾನೇ?” ಎಂಬ ಸಮಾಧಾನವನ್ನು ನಾವು ಬಹಳ ಸುಲಭವಾಗಿ ಹೇಳಿಕೊಳ್ಳುತ್ತೇವೆ. ಈ ವಾದವನ್ನು ನಾನು ಒಪ್ಪಲಾರೆ. ದಾನ ಮಾಡುವ ಕೈ ತನ್ನದಾಗಿದ್ದು ಜೇಬು ಇನ್ನೊಬ್ಬರದಾಗಿದ್ದರೆ ಅದಕ್ಕೆ ದಾನವೆಂಬ ಹೆಸರು ಸಲ್ಲುವುದಿಲ್ಲ. ನಕ್ಷೆ ಬರೆದಾಕೆಯೂ ನಮ್ಮಂತೆಯೇ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಕುಳಿತು ಗೆರೆ ಎಳೆದವಳಿರಬಹುದು. ಆಕೆ ವಿಧಿಸಿರುವುದು ಒಂದೇ ಒಂದು ಷರತ್ತು. ಆಕೆಗೆ ಎರಡು ಸಾಲಿನ ಪತ್ರ ಬರೆದು ಅನುಮತಿ ಕೇಳಲು ಐದು ನಿಮಿಷ ಸಾಕು. ಒಪ್ಪಿದರೆ ಸಂತೋಷ, ಉತ್ತರ ಬಾರದಿದ್ದರೆ ಮನೆಯನ್ನು ಮಾರದೆ, ನೆರೆಮನೆಯ ಮಗುವಿಗೆ ಉಡುಗೊರೆಯಾಗಿ ಕೊಡಬಹುದು. ಯಾವುದಾದರೂ ಸರಿ, ಮನೆಯ ತಳದಲ್ಲಿ ಎರಡು ಹೆಸರು ಬರೆಯಲು ಜಾಗವಿದ್ದೇ ಇರುತ್ತದೆ: ನಕ್ಷೆ ಇಂಥವರದು, ಕೈಗೆಲಸ ಇಂಥವರದು. ಹೀಗೆ ಬರೆದಿದ್ದರೆ “ಇದರಲ್ಲಿ ನಿಮ್ಮದೇನಿದೆ” ಎಂದವರಿಗೂ ಉತ್ತರ ಅಲ್ಲಿಯೇ ಇರುತ್ತದೆ. ಋಣವನ್ನು ಒಪ್ಪಿಕೊಂಡವರ ಶ್ರಮವನ್ನು ಅಲ್ಲಗಳೆಯುವುದು ಕಷ್ಟ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಮುಖ್ಯವಾಗಿ ತೋರುತ್ತದೆ. ಮುದ್ರಿಸಿ ತಂದ ಹಾಳೆಗಳಲ್ಲಿ ಎಂಥ ಮನೆಗಳಿರುತ್ತವೆ, ಗಮನಿಸಿದ್ದೀರಾ? ಹಿಮ ಜಾರಲೆಂದು ಕಡಿದಾದ ಮಾಡು, ಚಳಿ ಕಾಯಿಸಲು ಗೋಡೆಯೊಳಗೆ ಬೆಂಕಿಗೂಡು, ಗೋಡೆಗೆ ಹೂವಿನ ಕಾಗದ. ಊರ್ಡಿಗೆರೆಯ ಮಗಳು ತಾನು ಎಂದೂ ಕಾಣದ ಬೆಂಕಿಗೂಡನ್ನು ಅಚ್ಚುಕಟ್ಟಾಗಿ ಅಂಟಿಸುತ್ತಾಳೆ. ಆಕೆಯ ಅಜ್ಜಿಯ ಮನೆಯ ಸೌದೆ ಒಲೆಗೆ ಹಾಳೆ ಸಿಗುವುದು ದುರ್ಲಭ. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ ಅಲ್ಲಿದ್ದದ್ದು ಆ ಊರಿನದೇ ಹುಲ್ಲು, ಆ ಊರಿನದೇ ಎತ್ತು ಮತ್ತು ಕತ್ತೆ. ದೂರದ ಬೆತ್ಲೆಹೇಮನ್ನು ಅವರು ತಮ್ಮ ಊರಿನ ಸಾಮಗ್ರಿಯಿಂದಲೇ ಕಂಡುಕೊಂಡರು.

ನಮ್ಮ ಸೀಮೆಯ ತೊಟ್ಟಿಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಿರುವುದು ನಿಮ್ಮ ಕಣ್ಣೆದುರಿಗೇ ಇದೆ. ಕೆಡವುವುದು ತಪ್ಪೆಂದು ನಾನು ಹೇಳುವುದಿಲ್ಲ. ಸೋರುವ ಮಾಡಿನ ಕೆಳಗೆ ಬದುಕುವವರ ಕಷ್ಟ ನೋಡುವವರಿಗೆ ತಿಳಿಯುವುದಿಲ್ಲ. ಆದರೆ ಕೆಡವುವ ಮೊದಲು ಅಳತೆಪಟ್ಟಿಯೊಂದನ್ನು ಹಿಡಿದು ಒಂದು ಮಧ್ಯಾಹ್ನ ಅಲ್ಲಿ ಕಳೆಯಲು ಅಡ್ಡಿಯೇನು? ಜಗಲಿಯ ಎತ್ತರವೆಷ್ಟು, ತೊಟ್ಟಿಯ ಅಗಲವೆಷ್ಟು, ಬಾಗಿಲಿಗೆ ತಲೆ ಎಷ್ಟು ಬಗ್ಗಿಸಬೇಕಾಗಿತ್ತು? ರಾಗಿಕಲ್ಲು ಯಾವ ಮೂಲೆಯಲ್ಲಿತ್ತು? ಗುಬ್ಬಿ, ತಿಪಟೂರು ಕಡೆಯ ಮನೆಗಳಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಏರಿಸಿ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟು ಉಂಡೆಕೊಬ್ಬರಿ ಮಾಡುವ ಪದ್ಧತಿಯಿದೆ. ಆ ಅಟ್ಟಕ್ಕೆ ಎಷ್ಟು ಮೆಟ್ಟಿಲಿನ ಏಣಿ ಇತ್ತು? ಅಜ್ಜಿಯನ್ನು ಕೇಳಿದರೆ ಅಳತೆಯ ಜೊತೆಗೆ, ಯಾರು ಯಾವ ಕೋಣೆಯಲ್ಲಿ ಹುಟ್ಟಿದರು ಎಂಬ ವಿವರವೂ ದೊರೆಯುತ್ತದೆ.

ಉಳಿದದ್ದು ಕೈಗೆಲಸ. ರಟ್ಟಿನ ಪೆಟ್ಟಿಗೆಯ ಮೇಲ್ಪದರವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆಯಲೆಯ ಕಾಗದ ನಾಡಹೆಂಚಿನ ಸಾಲಿನಂತೆಯೇ ಕಾಣುತ್ತದೆ. ಒಂಬತ್ತು ಇಂಚಿನ ತೆಂಗಿನಕಾಯಿ ಈ ಅಳತೆಯಲ್ಲಿ ಮುಕ್ಕಾಲು ಇಂಚು. ಅಂಟುವಾಳದ ಕಾಯಿ ಆ ಜಾಗಕ್ಕೆ ಸರಿಯಾಗಿ ಒಪ್ಪುತ್ತದೆ. ಅಜ್ಜಿಯ ಹಳೆಯ ಸೀರೆಯ ಅಂಚಿನ ಎಳೆಗಳನ್ನು ಎಣಿಸಿ ಚೌಕಳಿ ಕಾಗದದ ಮೇಲೆ ಗುರುತಿಸಿದರೆ ನೆಲಹಾಸಿನ ನಮೂನೆಯೂ ಸಿದ್ಧ. ಇಷ್ಟಾದ ಮೇಲೆ ಗೋಡೆಗಳನ್ನು ಒಂದೊಂದು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆದು, ಮಡಚುವ ಅಂಚುಗಳನ್ನು ಸೇರಿಸಿದರೆ ಅದೇ ಒಂದು ನಕ್ಷೆಯಾಗುತ್ತದೆ. ಕುಣಿಗಲ್ಲಿನಲ್ಲಿರುವ ಅತ್ತೆಯ ಮಕ್ಕಳಿಗೋ, ಸಮುದ್ರದಾಚೆಗಿರುವ ಅಪರಿಚಿತರಿಗೋ ಅದನ್ನು ಕಳುಹಿಸಬಹುದು. ಆಗ ಹಾಳೆಯ ಕೆಳಗಿನ ಮೂಲೆಯಲ್ಲಿ ಷರತ್ತು ಬರೆಯುವ ಸರದಿ ನಿಮ್ಮ ಮಗಳದು. ಅಜ್ಜಿಯ ಮನೆಯನ್ನು ಯಾರು ಕಟ್ಟಬಹುದು, ಯಾರು ಮಾರಬಹುದು, ಯಾರ ಹೆಸರು ಬರೆಯಬೇಕು ಎಂದು ಆಕೆಯನ್ನೇ ಕೇಳಿ ನೋಡಿ.