ದ್ರೋಣ-ದ್ರುಪದರ ಸಖ್ಯಭಂಗ



ಮಹಾಭಾರತವೆಂದೊಡನೆ ನಮ್ಮ ಸ್ಮೃತಿಗೆ ಬರುವುದು ಕೌರವ-ಪಾಂಡವರ ದಾಯಾದಿ ಕಲಹ. ಆದರೆ ಅದೇ ಗ್ರಂಥದಲ್ಲಿ ಮತ್ತೊಂದು ವೈರದ ಕಥೆಯು ಆದಿಪರ್ವದಿಂದ ಸೌಪ್ತಿಕಪರ್ವದವರೆಗೆ ಹರಿದಿದೆ. ಅದು ದಾಯಾದಿಗಳ ವೈರವಲ್ಲ, ಸ್ನೇಹಿತರ ವೈರ. ದ್ರೋಣಾಚಾರ್ಯರ ಮನೆ ಮತ್ತು ಪಾಂಚಾಲರಾಜನಾದ ದ್ರುಪದನ ಮನೆ, ಈ ಎರಡು ಮನೆತನಗಳ ಸಖ್ಯವು ಮುರಿದ ಬಗೆಯನ್ನೂ ಆ ವೈರವು ಶಮನಗೊಂಡ ಬಗೆಯನ್ನೂ ಇಲ್ಲಿ ಚಿಂತಿಸೋಣ. ದ್ರೋಣರು ಬೃಹಸ್ಪತಿಯ ಅವತಾರ, ಧೃಷ್ಟದ್ಯುಮ್ನನು ಅಗ್ನಿಯ ಅವತಾರ, ಅಶ್ವತ್ಥಾಮರು ರುದ್ರದೇವರ ಅವತಾರವೆಂಬುದು ಶ್ರೀಮದಾಚಾರ್ಯರ ಮಹಾಭಾರತತಾತ್ಪರ್ಯನಿರ್ಣಯದಿಂದ ನಮಗೆ ವಿದಿತವಾಗಿದೆ. ಆದುದರಿಂದ ಇವರನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಅವರ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನೆಂಬುದಷ್ಟೇ ವಿಚಾರ.

ಈ ಸ್ನೇಹವು ಮಕ್ಕಳಿಂದ ಆರಂಭವಾದುದಲ್ಲ, ತಂದೆಯರಿಂದ ಬಂದುದು. ಗಂಗಾದ್ವಾರದಲ್ಲಿ, ಎಂದರೆ ಈಗಿನ ಹರಿದ್ವಾರದ ಪ್ರದೇಶದಲ್ಲಿ, ಭರದ್ವಾಜ ಮಹರ್ಷಿಗಳ ಆಶ್ರಮ. ಪಾಂಚಾಲರಾಜನಾದ ಪೃಷತನು ಅವರ ಮಿತ್ರ. ಪೃಷತನ ಮಗ ದ್ರುಪದನು ಪ್ರತಿದಿನವೂ ಆಶ್ರಮಕ್ಕೆ ಬಂದು ಋಷಿಕುಮಾರನಾದ ದ್ರೋಣನೊಡನೆ ಆಡುತ್ತಿದ್ದನು, ಓದುತ್ತಿದ್ದನು. ತಾನು ರಾಜನಾದಾಗ ತನ್ನ ರಾಜ್ಯವು ಮಿತ್ರನಿಗೂ ಭೋಗ್ಯವಾಗುವುದೆಂದು ಆ ಬಾಲ್ಯದಲ್ಲಿ ದ್ರುಪದನು ಮಾತು ಕೊಟ್ಟಿದ್ದನು. ಬಾಲಕನ ಮಾತು ಅದು. ಆದರೆ ಕೇಳಿದವನ ಹೃದಯದಲ್ಲಿ ಅದು ಶಿಲಾಶಾಸನದಂತೆ ಉಳಿಯಿತು.

ಕಾಲವು ಇಬ್ಬರನ್ನೂ ಬೇರೆ ಬೇರೆ ದಾರಿಗೆ ಒಯ್ದಿತು. ದ್ರುಪದನು ಸಿಂಹಾಸನವೇರಿದನು. ದ್ರೋಣರು ಶರದ್ವಂತರ ಪುತ್ರಿಯಾದ ಕೃಪಿಯನ್ನು ವಿವಾಹವಾಗಿ ಅಶ್ವತ್ಥಾಮನನ್ನು ಪುತ್ರನನ್ನಾಗಿ ಪಡೆದರು. ಮನೆಯಲ್ಲಿ ಒಂದು ಹಸುವೂ ಇರಲಿಲ್ಲ. ಉಳ್ಳವರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಮಗುವು ಅತ್ತಿತು. ಆ ಮಕ್ಕಳು ಹಿಟ್ಟನ್ನು ಕದಡಿದ ನೀರನ್ನು ಹಾಲೆಂದು ಕುಡಿಸಿದರು. ಮಗುವು ತಾನು ಹಾಲು ಕುಡಿದೆನೆಂದು ಕುಣಿಯಿತು, ಸುತ್ತಲಿದ್ದವರು ನಕ್ಕರು. ತಂದೆಯ ಕರುಳು ಅದನ್ನು ಸಹಿಸಲಿಲ್ಲ. ಹಳೆಯ ಮಿತ್ರನ ನೆನಪಾಗಿ ದ್ರೋಣರು ಪಾಂಚಾಲಕ್ಕೆ ಹೋದರು.

ಅಲ್ಲಿ ನಡೆದುದೇನು? ದ್ರುಪದನು ಹಸುವನ್ನು ಕೊಡಲಾಗದೆಂದು ಹೇಳಿದ್ದರೆ ಕಥೆಯು ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಿದುದು ಬೇರೆ. ರಾಜನಿಗೂ ದರಿದ್ರನಿಗೂ ಸಖ್ಯವೆಲ್ಲಿಯದು, ಸ್ನೇಹವು ಸಮಾನರಲ್ಲಿ ಮಾತ್ರ, ಹಿಂದಿನ ಒಡನಾಟವು ಕಾಲದೊಡನೆ ಕಳೆದುಹೋಯಿತು ಎಂಬುದು ಅವನ ವಾದ. ಕೊಡಲಾರೆನೆನ್ನುವುದು ದ್ರೋಹವಲ್ಲ. ನೀನು ನನಗೆ ಏನೂ ಅಲ್ಲವೆನ್ನುವುದು ದ್ರೋಹ. ಮೊದಲನೆಯದು ಕೈಯ ಬಡತನ, ಎರಡನೆಯದು ಹೃದಯದ ಬಡತನ.

ಮುಂದಿನದು ಸರ್ವವಿದಿತ. ದ್ರೋಣರು ಹಸ್ತಿನಾವತಿಯಲ್ಲಿ ಕುರುಕುಮಾರರಿಗೆ ಆಚಾರ್ಯರಾದರು. ಗುರುದಕ್ಷಿಣೆಯಾಗಿ ದ್ರುಪದನನ್ನೇ ಸೆರೆಹಿಡಿದು ತರಲು ಕೇಳಿದರು. ಅರ್ಜುನನು ತಂದು ಒಪ್ಪಿಸಿದನು. ದ್ರೋಣರು ಅವನನ್ನು ಕೊಲ್ಲಲಿಲ್ಲ. ರಾಜನಲ್ಲದವನು ರಾಜನಿಗೆ ಸಖನಾಗಲಾರನಾದುದರಿಂದ ಅರ್ಧರಾಜ್ಯವನ್ನು ತಾವಿಟ್ಟುಕೊಳ್ಳುವುದಾಗಿ ಹೇಳಿ, ಅವನ ಮಾತನ್ನು ಅವನಿಗೇ ಹಿಂದಿರುಗಿಸಿದರು. ಗಂಗೆಯ ಉತ್ತರಭಾಗದ ಅಹಿಚ್ಛತ್ರವು ದ್ರೋಣರ ಪಾಲಾಯಿತು. ದಕ್ಷಿಣಭಾಗದ ಕಾಂಪಿಲ್ಯವು ದ್ರುಪದನಿಗೆ ಉಳಿಯಿತು. ಇವೆರಡೂ ಇಂದಿನ ಉತ್ತರಪ್ರದೇಶದಲ್ಲಿವೆ. ಒಂದು ಬರೇಲಿ ಜಿಲ್ಲೆಯಲ್ಲಿ, ಮತ್ತೊಂದು ಫರೂಕಾಬಾದ್ ಜಿಲ್ಲೆಯಲ್ಲಿ.

ಇದನ್ನು ದ್ರೋಣರು ಸ್ನೇಹದ ಪುನಃಸ್ಥಾಪನೆಯೆಂದರು. ಆದರೆ ಕಟ್ಟಿ ತಂದವನಿಂದ ಪಡೆದ ಸ್ನೇಹವು ಸ್ನೇಹವಾದೀತೇ? ದ್ರುಪದನು ಬಾಯಲ್ಲಿ ಒಪ್ಪಿದನು, ಒಳಗೆ ಬೆಂದನು. ದ್ರೋಣರನ್ನು ಸಂಹರಿಸುವ ಪುತ್ರನಿಗಾಗಿ ಯಾಜ-ಉಪಯಾಜರೆಂಬ ಬ್ರಾಹ್ಮಣರನ್ನು ಆಶ್ರಯಿಸಿ ಯಜ್ಞವನ್ನು ಮಾಡಿಸಿದನು. ಅಗ್ನಿಯಿಂದ ಧೃಷ್ಟದ್ಯುಮ್ನನೂ ಯಜ್ಞವೇದಿಯಿಂದ ದ್ರೌಪದೀದೇವಿಯೂ ಆವಿರ್ಭವಿಸಿದರು. ತಂದೆಯ ಜಗಳವೇ ಮಗನ ಜನ್ಮಕ್ಕೆ ಉದ್ದೇಶವಾಯಿತು! ಆಶ್ಚರ್ಯವೆಂದರೆ, ತನ್ನ ಮೃತ್ಯುವೆಂದು ತಿಳಿದೂ ದ್ರೋಣರು ಆ ಧೃಷ್ಟದ್ಯುಮ್ನನಿಗೆ ಅಸ್ತ್ರವಿದ್ಯೆಯನ್ನು ಕಲಿಸಿದರು. ದೈವಸಂಕಲ್ಪವು ಅನಿವಾರ್ಯವೆಂಬ ಅರಿವು ಅವರಿಗಿತ್ತು.

ಕುರುಕ್ಷೇತ್ರದಲ್ಲಿ ಈ ಸಾಲವು ಬಡ್ಡಿಯೊಡನೆ ತೀರಿತು. ಯುದ್ಧದ 15ನೆಯ ದಿನ ದ್ರೋಣರು ದ್ರುಪದನನ್ನು ಕೊಂದರು. ಅದೇ ದಿನ, ಪುತ್ರನು ಹತನಾದನೆಂಬ ವಾರ್ತೆಯಿಂದ ಶಸ್ತ್ರವನ್ನು ತ್ಯಜಿಸಿ ಯೋಗದಲ್ಲಿ ಕುಳಿತಿದ್ದ ದ್ರೋಣರ ಶಿರಸ್ಸನ್ನು ಧೃಷ್ಟದ್ಯುಮ್ನನು ಛೇದಿಸಿದನು. ಯುದ್ಧವು ಮುಗಿದ ರಾತ್ರಿ ಅಶ್ವತ್ಥಾಮರು ಶಿಬಿರವನ್ನು ಹೊಕ್ಕು ಮಲಗಿದ್ದ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ವಧಿಸಿದರು. ಆ ಐವರು ಗಂಗಾದ್ವಾರದ ಆಶ್ರಮವನ್ನು ಕಂಡವರಲ್ಲ, ಆ ರಾಜಸಭೆಯ ಮಾತನ್ನು ಕೇಳಿದವರೂ ಅಲ್ಲ. ಅಜ್ಜನ ಒಂದು ನುಡಿಯ ಫಲವು ಮೊಮ್ಮಕ್ಕಳ ಹಾಸಿಗೆಯವರೆಗೆ ಬಂದಿತು.

ದ್ರುಪದನ ವಾದದ ದೋಷವೇನೆಂಬುದನ್ನು ತತ್ತ್ವದೃಷ್ಟಿಯಿಂದ ಗಮನಿಸಬೇಕು. ಅಸಮಾನರಲ್ಲಿ ಸಖ್ಯವಿಲ್ಲವೆಂದನು. ತಾರತಮ್ಯವು ಸತ್ಯವೆಂಬುದೇ ನಮ್ಮ ಸಿದ್ಧಾಂತ. ಜೀವನಿಗೂ ಶ್ರೀಹರಿಗೂ ಇರುವ ಭೇದದ ಮುಂದೆ ರಾಜ-ದರಿದ್ರರ ಅಂತರವು ಎಷ್ಟರದು? ಆದರೂ ನವವಿಧ ಭಕ್ತಿಯಲ್ಲಿ ಸಖ್ಯವೂ ಒಂದು. ಮುಂಡಕೋಪನಿಷತ್ತು ಒಂದೇ ವೃಕ್ಷದಲ್ಲಿರುವ ಎರಡು ಪಕ್ಷಿಗಳ ದೃಷ್ಟಾಂತದಿಂದ ಜೀವ-ಪರಮಾತ್ಮರನ್ನು ಸಖರೆಂದು ತಿಳಿಸುತ್ತದೆ. ಸಮಾನತೆಯೇ ಸ್ನೇಹಕ್ಕೆ ನಿಯಮವಾಗಿದ್ದರೆ ಸಮಾನರಾಗಲಿ ಅಧಿಕರಾಗಲಿ ಇಲ್ಲದ ಭಗವಂತನಿಗೆ ಸಖನೇ ಇರುತ್ತಿರಲಿಲ್ಲ. ಸಾಂದೀಪನಿಗಳ ಗುರುಕುಲದ ಸಹಪಾಠಿಯಾದ ಸುದಾಮನು ಹರಕು ಬಟ್ಟೆಯಲ್ಲಿ ದ್ವಾರಕೆಗೆ ಬಂದಾಗ ಶ್ರೀಕೃಷ್ಣನು ಎದ್ದುಬಂದು ಆಲಿಂಗಿಸಿದನು, ಪಾದಗಳನ್ನು ತೊಳೆದನು, ಅವನ ಅವಲಕ್ಕಿಯನ್ನು ತಾನೇ ತೆಗೆದುಕೊಂಡು ತಿಂದನು. ತಾರತಮ್ಯಜ್ಞಾನವು ದೊಡ್ಡವರಲ್ಲಿ ಭಕ್ತಿಯನ್ನೂ ಚಿಕ್ಕವರಲ್ಲಿ ದಯೆಯನ್ನೂ ಹುಟ್ಟಿಸಬೇಕು. ತಿರಸ್ಕಾರವನ್ನು ಹುಟ್ಟಿಸಿದರೆ ಅದು ಜ್ಞಾನವಲ್ಲ, ಐಶ್ವರ್ಯಮದ.

ಇನ್ನು ಈ ವೈರವು ಎಲ್ಲಿ ನಿಂತಿತು? ಭಾಗವತದ ಪ್ರಥಮಸ್ಕಂಧದ 7ನೆಯ ಅಧ್ಯಾಯವನ್ನು ನೋಡಿರಿ. ಅರ್ಜುನನು ಅಶ್ವತ್ಥಾಮರನ್ನು ಹಗ್ಗದಿಂದ ಕಟ್ಟಿ ದ್ರೌಪದಿಯ ಮುಂದೆ ತಂದು ನಿಲ್ಲಿಸಿದನು. ಹಿಂದೆ ಆಕೆಯ ತಂದೆಯು ಹೀಗೆಯೇ ದ್ರೋಣರ ಮುಂದೆ ನಿಂತಿದ್ದನು. ತಂದೆ, ಅಣ್ಣ, ಐವರು ಮಕ್ಕಳು ಎಲ್ಲರನ್ನೂ ಕಳೆದುಕೊಂಡ ಆ ಸಾಧ್ವಿಯು ಗುರುಪುತ್ರನಿಗೆ ನಮಸ್ಕರಿಸಿ, ಅವನನ್ನು ಬಿಡಿಸಬೇಕೆಂದು ಪ್ರಾರ್ಥಿಸಿದಳು. ತಾನು ಅಳುವಂತೆ ಅವನ ತಾಯಿಯಾದ ಕೃಪಿಯು ಅಳಬಾರದೆಂಬುದು ಆಕೆಯ ಅಭಿಪ್ರಾಯ. ಆಕೆಯ ದುಃಖವು ಕಡಿಮೆಯದಾಗಿರಲಿಲ್ಲ. ಆ ದುಃಖದಿಂದಲೇ ಮತ್ತೊಬ್ಬ ತಾಯಿಯ ದುಃಖವನ್ನು ಅರಿತಳು. ಅಶ್ವತ್ಥಾಮರ ಶಿರೋಮಣಿಯನ್ನು ತೆಗೆದುಕೊಂಡು ಪ್ರಾಣವನ್ನು ಉಳಿಸಲಾಯಿತು. ಯಜ್ಞವೇದಿಯಲ್ಲಿ ಹುಟ್ಟಿದ ಮಗಳೇ ಆ ವೈರಾಗ್ನಿಯನ್ನು ಆರಿಸಿದಳು.

ನಮ್ಮ ಊರುಗಳಲ್ಲಿಯೂ ಇಂತಹ ಮನೆಗಳಿವೆ. ಹಿರಿಯರಿಬ್ಬರು ಒಂದೇ ಪಂಕ್ತಿಯಲ್ಲಿ ಉಂಡವರು. ಒಂದು ಜಾಮೀನಿನ ವಿಷಯಕ್ಕೋ, ಗಡಿಕಲ್ಲಿನ ವಿಷಯಕ್ಕೋ ಒಬ್ಬನು ಮಾತು ತಪ್ಪಿದನು. ಇಂದು ಮೊಮ್ಮಕ್ಕಳು ಕಾರಣವನ್ನೂ ಅರಿಯದೆ, ರಥೋತ್ಸವದಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಮಾತು ತಪ್ಪಿದವನು ತಪ್ಪನ್ನು ಒಪ್ಪಿಕೊಳ್ಳಬೇಕಾದುದು ಧರ್ಮವೇ. ಆದರೆ ಅವನು ಒಪ್ಪುವವರೆಗೆ ಕಾಯುತ್ತ ಕುಳಿತರೆ ಮಕ್ಕಳ ಪಾಲಿಗೆ ಉಳಿಯುವುದು ಆಸ್ತಿಯಲ್ಲ, ಕಿಚ್ಚು. ಈ ಉತ್ಸವದಲ್ಲಿ ತೀರ್ಥಪ್ರಸಾದಕ್ಕೆ ಕೈಯೊಡ್ಡುವಾಗ ಪಕ್ಕದಲ್ಲಿ ಅಂಥವರು ನಿಂತಿದ್ದರೆ ಒಂದು ಕುಶಲಪ್ರಶ್ನೆಯನ್ನಾದರೂ ಕೇಳೋಣ.

ಸರ್ವಜೀವರ ಅಕಾರಣಬಂಧುವೂ ನಿತ್ಯಸಖನೂ ಆದ, ಶ್ರೀಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನು ನಮಗೆಲ್ಲರಿಗೂ ಅಂತಹ ಬುದ್ಧಿಯನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು