ನೀರು ತರುವ ಮೊದಲು ಕೇಳಿದ ಪ್ರಶ್ನೆ





ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಭಗವಾನರು ಆನಂದರ ಜೊತೆ ವಸತಿಗಳನ್ನು ನೋಡುತ್ತಾ ಹೊರಟಿದ್ದಾಗ, ಹೊಟ್ಟೆಬೇನೆಯಿಂದ ನರಳುವ ಒಬ್ಬ ಭಿಕ್ಕು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಅವನು ಯಾವ ಪಾಪದ ಫಲ ಉಣ್ಣುತ್ತಿದ್ದಾನೆ ಎಂದು ಭಗವಾನರು ಕೇಳಲಿಲ್ಲ. ನಿನಗೇನು ಬೇನೆ, ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆಯೇ, ಯಾಕೆ ಇಲ್ಲ ಎಂದು ಕೇಳಿದರು. ನಾನು ಯಾರಿಗೂ ಉಪಯೋಗಕ್ಕೆ ಬಂದವನಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದ ಆ ಭಿಕ್ಕು. ಆಮೇಲೆ ಆನಂದರು ನೀರು ತಂದರು, ಭಗವಾನರು ಸುರಿದರು, ಇಬ್ಬರೂ ಸೇರಿ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ಅಲ್ಲಿಗೇ ಬಿಡಲಿಲ್ಲ. ಸಂಘವನ್ನು ಕರೆದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ರೋಗಿಯನ್ನು ಯಾರು ನೋಡಿಕೊಳ್ಳಬೇಕು ಎಂದು ನಿಯಮ ಮಾಡಿದರು. ಆರೈಕೆ ಮಾಡುವವನು ಮಲಮೂತ್ರಕ್ಕೆ ಹೇಸಬಾರದು ಎಂಬುದೂ ಅದರಲ್ಲಿದೆ.

ಕಳೆದ ವಾರ ನಮ್ಮ ಅಧ್ಯಯನ ವೃತ್ತದಲ್ಲಿ ಒಬ್ಬ ತಾಯಿ ಕೇಳಿದರು: "ಹುಡುಗಿಗೆ ಜಡೆ ಬಿದ್ದರ ಏನ್ ಮಾಡಬೇಕ್ರೀ? ಓಣ್ಯಾಗಿನವರು ಎಲ್ಲವ್ವನ ಕರೆ ಅಂತಾರ." ಕೆಲವರು ನಕ್ಕರು. ನಗಬಾರದಿತ್ತು. ದೀಕ್ಷೆ ತಗೊಂಡ ಮನೆಯಲ್ಲೂ ಅಜ್ಜಿಯ ಭಯ ಇನ್ನೂ ಒಲೆಯ ಪಕ್ಕ ಕೂತಿರುತ್ತದೆ.

1936ರ ಜೂನ್‌ನಲ್ಲಿ ಬಾಬಾಸಾಹೇಬರು ಮುಂಬೈಯಲ್ಲಿ ದೇವದಾಸಿ, ಜೋಗತಿ, ಮುರಳಿ ಹೆಣ್ಣುಮಕ್ಕಳ ಸಭೆಯಲ್ಲೇ ನಿಂತು, ಈ ಬದುಕು ಬಿಡಿ ಎಂದು ಕಟುವಾಗಿ ಹೇಳಿದರು. ಕರ್ನಾಟಕದ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಆ ಕಾಯ್ದೆಯಲ್ಲಿ ಮುತ್ತು ಕಟ್ಟಿಸಿದವರು ತಂದೆ ತಾಯಿಯೇ ಆದರೆ ಶಿಕ್ಷೆ ಇನ್ನೂ ಹೆಚ್ಚಿತ್ತು. ಕಾಯ್ದೆ ಬೇಕಿತ್ತು. ಆದರೆ ಜೈಲಿಗೆ ಹೆದರಿದ ತಾಯಿ ಬಾಯಿ ಬಿಡುವುದಿಲ್ಲ, ಮುತ್ತು ರಾತ್ರಿ ಮನೆಯೊಳಗೇ ಕಟ್ಟುತ್ತಾಳೆ. ಎಣಿಕೆಯನ್ನೇ ನೋಡಿ: 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿಯರು 22,873. 2007-08ರಲ್ಲಿ ಇನ್ನೂ 23,787 ಮಂದಿ ಸಿಕ್ಕರು. ಇಷ್ಟು ಜನ ಹದಿನಾಲ್ಕು ವರ್ಷದಲ್ಲಿ ಹೊಸದಾಗಿ ಆದವರೇ? ನನಗಂತೂ ಹಾಗೆ ಅನಿಸುವುದಿಲ್ಲ. ಮೊದಲ ಸಲ ಬಾಗಿಲ ಹಿಂದೆ ನಿಂತವರೇ ಬಹಳ ಇರಬೇಕು.

ಆ ಬಾಗಿಲು ತೆರೆಸುವುದು ಹೇಗೆ ಎಂದು ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ 'ಮಾಸ್', ಮಾಜಿ ದೇವದಾಸಿಯರೇ ನಡೆಸುವ ಸಂಸ್ಥೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಧಿಕಾರಿಗೆ ಹೇಳದ್ದನ್ನು ಹೆಣ್ಣುಮಗಳು ಇವರ ಮುಂದೆ ಹೇಳುತ್ತಾಳೆ, ಯಾಕಂದರೆ ಇವರು ಅದನ್ನು ಉಂಡವರು. ಯಾವ ಮನೆಯಲ್ಲಿ ಗಂಡುಮಗು ಇಲ್ಲ, ಯಾವ ಮಗುವಿಗೆ ಬೇನೆ ಬಿದ್ದು ಹರಕೆ ಹೊತ್ತಿದ್ದಾರೆ, ಯಾರ ತಲೆಯಲ್ಲಿ ಜಡೆ ಕಾಣಿಸಿದೆ: ಇವರ ಕಣ್ಣು ಅಲ್ಲಿಗೇ ಹೋಗುತ್ತದೆ. ವಿಶ್ವವಿದ್ಯಾಲಯದವರು ಇದನ್ನೇ ಸಂಶೋಧನೆ ಅನ್ನುತ್ತಾರೆ.

ಇನ್ನೊಂದು ಮಾತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ 'ಸಮತಾ' ಎಂಬ ಅಧ್ಯಯನ ನಡೆಯಿತು. ನಮ್ಮ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿ, ಬಾಲ್ಯವಿವಾಹ ಮತ್ತು ಲೈಂಗಿಕ ದುಡಿಮೆಯಿಂದ ಕಾಯುವುದು ಉದ್ದೇಶ. ಅರ್ಧ ಹಳ್ಳಿಗಳಲ್ಲಿ ಕಾರ್ಯಕ್ರಮ, ಉಳಿದರ್ಧದಲ್ಲಿ ಇಲ್ಲ. ಕೊನೆಗೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಹುಡುಗಿಯರು ಮೊದಲಿಗಿಂತ ಹೆಚ್ಚು ಓದುತ್ತಿದ್ದರು. ಸಂಶೋಧಕರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಕಾಲಾಮರಿಗೆ ಭಗವಾನರು ಕಲಿಸಿದ್ದು ಇಂಥ ಪ್ರಾಮಾಣಿಕತೆಯನ್ನೇ. ನಾವು ವಿಹಾರದಲ್ಲಿ ನಡೆಸುವ ಸಂಜೆ ಪಾಠದಿಂದ ಎಷ್ಟು ಮಕ್ಕಳಿಗೆ ನಿಜವಾಗಿ ಉಪಯೋಗವಾಯಿತು ಎಂದು ಒಮ್ಮೆಯಾದರೂ ಲೆಕ್ಕ ಹಾಕಿದ್ದೇವೆಯೇ?

ಆ ತಾಯಿಗೆ ಉತ್ತರ ಬಾಕಿ ಇದೆ. ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಗಂಟು ಬೀಳುತ್ತದೆ ಅವ್ವಾ, ಅಷ್ಟೇ. ಬಿಡಿಸಲು ಬರದಿದ್ದರೆ ಕತ್ತರಿಸಬಹುದು. ಒಬ್ಬರೇ ಮಾಡಲು ಭಯವಾದರೆ ಭಾನುವಾರ ನಮ್ಮ ಅಕ್ಕಂದಿರು ಮನೆಗೆ ಬರುತ್ತಾರೆ, ಕತ್ತರಿ ಅವರೇ ತರುತ್ತಾರೆ. ಭಾರತ ಹುಣ್ಣಿಮೆ ಹತ್ತಿರ ಬಂದಾಗ ಯಾವುದೇ ಓಣಿಯಲ್ಲಿ ಮಗುವಿಗೆ ಹಸಿರು ಸೀರೆ, ಹಸಿರು ಬಳೆ ಕೊಳ್ಳುವ ಸುದ್ದಿ ಕೇಳಿದರೆ ಈ ಗುಂಪಿನಲ್ಲಿ ಹೆಸರು ಹಾಕಬೇಡಿ. ಮೊದಲು 1098ಕ್ಕೆ ಫೋನ್ ಮಾಡಿ, ಆಮೇಲೆ ನಮ್ಮಲ್ಲಿ ಒಬ್ಬರಿಗೆ ತಿಳಿಸಿ.

ಜೈ ಭೀಮ್ 🙏