ಹೋಯಿತೇ, ಇನ್ನೂ ಇದೆಯೇ? ತಿಗಣೆ, ಅನುಮಾನ ಮತ್ತು ಸಾಕ್ಷಿ

☸️ *ಇಂದಿನ ಧಮ್ಮ ಚಿಂತನೆ* ☸️

 

ಇಂದಿನ ವಿಷಯ ತಿಗಣೆ. ಕೇಳಿ ಕೆಲವರಿಗೆ ನಗು ಬರಬಹುದು. ಶಿವಾಜಿನಗರದ ಒಂದೇ ಕೋಣೆಯ ಬಾಡಿಗೆ ಮನೆಯವರು, ಹಲಸೂರಿನಲ್ಲಿ ಗೋಡೆಗೆ ಗೋಡೆ ಅಂಟಿದ ವಠಾರದವರು, ಕೆ.ಆರ್. ಪುರಂನ ಪಿಜಿಯಲ್ಲಿ ಒಂದು ಕೋಣೆಗೆ ನಾಲ್ಕು ಜನ ಮಲಗುವ ನಮ್ಮ ಹುಡುಗರು ನಗುವುದಿಲ್ಲ. ಔಷಧಿ ಹೊಡೆಸಿ ಆಗಿದೆ. ದುಡ್ಡು ಹೋಗಿದೆ. ಹದಿನೈದು ದಿನದಿಂದ ಒಂದೂ ಕಂಡಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಎದ್ದು, ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ ನೋಡುತ್ತಾರೆ. ಊರಿಂದ ಅಮ್ಮ ಬರುತ್ತೇನೆ ಎಂದರೆ "ಈಗ ಬೇಡಮ್ಮ, ಮುಂದಿನ ತಿಂಗಳು ಬಾ" ಎನ್ನುತ್ತಾರೆ. ಕಾರಣ ಹೇಳಲು ನಾಚಿಕೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಕಣ್ಣಿಗೆ ಕಾಣದ್ದನ್ನು "ಇಲ್ಲ" ಎಂದು ಯಾವಾಗ ಹೇಳಬಹುದು? ಹಾಗೆ ಹೇಳಲು ಆಗದಿರುವ ದಿನಗಳಲ್ಲಿ ನಾವು ಬೇರೆಯವರೊಂದಿಗೆ ಹೇಗೆ ನಡೆದುಕೊಳ್ಳಬೇಕು?

*ಮೊದಲು ವಸ್ತುಸ್ಥಿತಿ ತಿಳಿಯೋಣ*

ತಿಗಣೆಯ ಮೊಟ್ಟೆ ಸುಮಾರು 1 ಮಿಲಿಮೀಟರ್ ಉದ್ದ, ಬಿಳಿ ಬಣ್ಣ. ಮಂಚದ ಸಂದು, ಗೋಡೆಯ ಬಿರುಕು, ಸ್ವಿಚ್ ಬೋರ್ಡಿನ ಹಿಂಭಾಗದಲ್ಲಿ ಅಂಟಿಕೊಂಡಿರುತ್ತದೆ. ಹೊಡೆಯುವ ಔಷಧಿಗಳಲ್ಲಿ ಹೆಚ್ಚಿನವು ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಅದು ಒಡೆದು ಮರಿ ಬರುತ್ತದೆ. ಆದ್ದರಿಂದಲೇ ಸುಮಾರು ಎರಡು ವಾರದ ನಂತರ ಇನ್ನೊಮ್ಮೆ ಔಷಧಿ ಹೊಡೆಯಬೇಕು ಎನ್ನುವುದು. ಕೋಣೆಯನ್ನು ಹದಿನೈದು ದಿನ ಖಾಲಿ ಬಿಟ್ಟರೆ ಹಸಿವಿನಿಂದ ಸಾಯುತ್ತವೆ ಎಂಬುದೂ ಸುಳ್ಳು. ಬೆಳೆದ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಮೈಮೇಲಿನ ದದ್ದು ಗಟ್ಟಿ ಸಾಕ್ಷಿ ಅಲ್ಲ. ಕೆಲವರಿಗೆ ತಿಗಣೆ ಕಚ್ಚಿದರೂ ಏನೂ ಏಳುವುದಿಲ್ಲ. ಕೆಲವರಿಗೆ ಕಚ್ಚಿ ಎಷ್ಟೋ ದಿನಗಳ ಮೇಲೆ ಏಳುತ್ತದೆ. ಸೊಳ್ಳೆ ಕಚ್ಚಿದ್ದೂ ಹಾಗೇ ಕಾಣುತ್ತದೆ. ಹಾಸಿಗೆಯ ಮೇಲಿನ ಹಳೆಯ ಕಪ್ಪು ಚುಕ್ಕೆಗಳೂ ಸಾಕ್ಷಿ ಅಲ್ಲ. ತಿಗಣೆ ಸತ್ತರೂ ಅದರ ಹಿಕ್ಕೆಯ ಕಲೆ ಉಳಿಯುತ್ತದೆ.

ಹಾಗಾದರೆ ಸಾಕ್ಷಿ ಯಾವುದು? ಭಗವಾನ್ ಬುದ್ಧರು ಹೇಳಿದ ಪಟಿಚ್ಚಸಮುಪ್ಪಾದವನ್ನು ಇಲ್ಲಿ ನೆನೆಯೋಣ. ಪ್ರತಿಯೊಂದೂ ಕಾರಣಗಳನ್ನು ಅವಲಂಬಿಸಿ ಉಂಟಾಗುತ್ತದೆ. ತಿಗಣೆಯೂ ಅಷ್ಟೇ. ಮರಿ ಬೆಳೆದು ದೊಡ್ಡದಾಗಲು ಐದು ಬಾರಿ ಪೊರೆ ಬಿಡಬೇಕು. ಪ್ರತಿ ಬಾರಿಯೂ ಅದಕ್ಕೆ ಮೊದಲು ರಕ್ತ ಕುಡಿಯಬೇಕು. ಬೆಚ್ಚಗಿನ ಹವೆಯಲ್ಲಿ ಇದಕ್ಕೆ ಐದಾರು ವಾರ ಹಿಡಿಯುತ್ತದೆ. ರಕ್ತ ಕುಡಿದರೆ ಹೊಸ ಚುಕ್ಕೆ ಬೀಳಲೇಬೇಕು. ಬೆಳೆದರೆ ಪೊರೆ ಬೀಳಲೇಬೇಕು. ಗುರುತು ಬಿಡದೆ ಅದು ಬದುಕಲಾರದು.

ಹೀಗಾಗಿ ಮಾಡಬೇಕಾದದ್ದು ಇಷ್ಟು. ಹಳೆಯ ಕಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಆಗ ಹೊಸದು ಬಿದ್ದರೆ ತಿಳಿಯುತ್ತದೆ. ಮಂಚವನ್ನು ಗೋಡೆಯಿಂದ ದೂರ ಇಡಿ. ಹೊದಿಕೆ ನೆಲಕ್ಕೆ ತಾಗದಿರಲಿ. ಮಂಚದ ಕಾಲುಗಳನ್ನು ಒಳಮೈ ನುಣುಪಾದ ಬಟ್ಟಲುಗಳಲ್ಲಿ ನಿಲ್ಲಿಸಿ, ಒಳಗೆ ಸ್ವಲ್ಪ ಪೌಡರ್ ಸವರಿ. ಬಿದ್ದ ತಿಗಣೆ ಮೇಲೆ ಹತ್ತಲಾರದು. ಹಾಸಿಗೆ ಬಿಟ್ಟು ಬೇರೆ ಕೋಣೆಗೆ ಹೋಗಿ ಮಲಗಬೇಡಿ, ಅವು ಅಲ್ಲಿಗೂ ಹರಡುತ್ತವೆ. ವಾರಕ್ಕೊಮ್ಮೆ ಹಗಲಿನಲ್ಲಿ ಟಾರ್ಚ್ ಹಿಡಿದು ನೋಡಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡನೇ ಔಷಧಿಯ ನಂತರ ಆರರಿಂದ ಎಂಟು ವಾರ ಜೀವಂತ ತಿಗಣೆಯಾಗಲಿ, ಹೊಸ ಚುಕ್ಕೆಯಾಗಲಿ, ಪೊರೆಯಾಗಲಿ ಕಾಣದಿದ್ದರೆ "ಹೋಯಿತು" ಎಂದು ತಿಳಿದು ನಡೆಯಲು ಅಷ್ಟು ಆಧಾರ ಸಾಕು. ನೂರಕ್ಕೆ ನೂರು ಖಾತ್ರಿ ಅದರ ನಂತರವೂ ಸಿಗುವುದಿಲ್ಲ. ಅದನ್ನು ಕೇಳುವುದೂ ಸರಿಯಲ್ಲ.

*ಎರಡು ಬಗೆಯ ಅನುಮಾನ*

ಧಮ್ಮದಲ್ಲಿ ಅನುಮಾನಕ್ಕೆ ಎರಡು ಮುಖಗಳಿವೆ. ಒಂದು ವಿಚಿಕಿಚ್ಛಾ. ಐದು ನೀವರಣಗಳಲ್ಲಿ, ಅಂದರೆ ಮನಸ್ಸಿಗೆ ಅಡ್ಡ ಬರುವ ಐದರಲ್ಲಿ, ಇದು ಕೊನೆಯದು. ಸಾಮಞ್ಞಫಲ ಸುತ್ತದಲ್ಲಿ ಈ ನೀವರಣಗಳನ್ನು ಸಾಲ, ಕಾಯಿಲೆ, ಸೆರೆ, ಗುಲಾಮಗಿರಿ ಮತ್ತು ಅಪಾಯದ ಮರುಭೂಮಿಯ ದಾರಿಗೆ ಹೋಲಿಸಿದ್ದಾರೆ. ವಿಚಿಕಿಚ್ಛಾ ಆ ಮರುಭೂಮಿಯ ದಾರಿ. ನಡೆಯುತ್ತಲೇ ಇರುತ್ತೀರಿ, ಊರು ಬರುವುದಿಲ್ಲ. ಇನ್ನೊಂದು ಧಮ್ಮವಿಚಯ, ಪರೀಕ್ಷಿಸಿ ನೋಡುವುದು. ಇದು ಬೋಧಿಯ ಏಳು ಅಂಗಗಳಲ್ಲಿ ಒಂದು. ಕಾಲಾಮರಿಗೆ ಬುದ್ಧರು ಕಲಿಸಿದ್ದು ಇದನ್ನೇ.

ಇವೆರಡರ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಏನು ಕಂಡರೆ, ಅಥವಾ ಎಷ್ಟು ದಿನ ಏನು ಕಾಣದಿದ್ದರೆ, ನನ್ನ ಅನುಮಾನ ನಿಲ್ಲುತ್ತದೆ?" ಉತ್ತರ ಇದ್ದರೆ ಅದು ಪರೀಕ್ಷೆ. ಉತ್ತರವೇ ಇಲ್ಲದಿದ್ದರೆ ಅದು ವಿಚಿಕಿಚ್ಛಾ. ರಾತ್ರಿ ಎರಡು ಗಂಟೆಯ ಟಾರ್ಚಿಗೆ ಉತ್ತರ ಇಲ್ಲ. ವಾರಕ್ಕೊಮ್ಮೆ ಹಗಲಿನಲ್ಲಿ ಹಿಡಿದ ಟಾರ್ಚಿಗೆ ಇದೆ.

*ಅವಸರದ "ಹೋಯಿತು"*

ಮೂರನೇ ದಿನವೇ "ಎಲ್ಲ ಕ್ಲೀನ್ ಆಯ್ತು" ಎಂದು ಹೇಳಿ ಹೊಸ ಬಾಡಿಗೆದಾರರನ್ನು ಕರೆಯುವ ಮಾಲೀಕನ ಮಾತು ಮುಸಾವಾದ. ಅನುಮಾನವಿರುವ ಹಾಸಿಗೆಯನ್ನು ಸುಮ್ಮನೆ ಗುಜರಿಗೆ ಹಾಕುವುದೂ ಅದೇ ಸಾಲಿನದು. ಅದನ್ನು ಕೊಳ್ಳುವವರು ನಮಗಿಂತ ಬಡವರು. ಗೊತ್ತಿಲ್ಲದಿರುವಾಗ ಸತ್ಯವಾದ ಮಾತು ಇದೊಂದೇ: "ಇತ್ತು. ಎರಡು ಸಲ ಔಷಧಿ ಆಗಿದೆ. ಇಷ್ಟು ವಾರದಿಂದ ಕಂಡಿಲ್ಲ. ಇನ್ನೂ ನೋಡುತ್ತಿದ್ದೇವೆ." ಪಕ್ಕದ ಮನೆಯವರಿಗೆ ಇಷ್ಟು ಹೇಳಿದರೆ ಅವರೂ ನೋಡಿಕೊಳ್ಳುತ್ತಾರೆ. ವಠಾರದಲ್ಲಿ ಒಂದೇ ಮನೆಗೆ ಔಷಧಿ ಹೊಡೆದರೆ ಗೋಡೆಯ ಬಿರುಕಿನಲ್ಲಿ ದಾರಿ ಇದ್ದೇ ಇರುತ್ತದೆ.

*ಖಾತ್ರಿಗಾಗಿ ವಿಷ*

2025ರ ಅಕ್ಟೋಬರ್‌ನಲ್ಲಿ ನಮ್ಮ ಪೂರ್ವ ಬೆಂಗಳೂರಿನ ಎಚ್‌ಎಎಲ್ ಭಾಗದ ಪಿಜಿಯೊಂದರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಊರಿಗೆ ಹೋಗಿದ್ದ ವಿದ್ಯಾರ್ಥಿಯ ಕೋಣೆಗೆ ತಿಗಣೆ ಔಷಧಿ ಹಾಕಲಾಗಿತ್ತು. ಮರಳಿ ಬಂದು ಮಲಗಿದ 22 ವರ್ಷದ ಆ ಹುಡುಗ ಪ್ರಾಣ ಕಳೆದುಕೊಂಡ. ತಿಗಣೆ ನಿದ್ದೆ ಕೆಡಿಸುತ್ತದೆ, ತುರಿಕೆ ತರುತ್ತದೆ. ಸಾಮಾನ್ಯವಾಗಿ ಅದು ಮನುಷ್ಯರಿಗೆ ರೋಗ ಹರಡುವುದು ಕಂಡುಬಂದಿಲ್ಲ. ಆದರೆ ಅದನ್ನು ಕೊಲ್ಲಲು ಮನೆಯೊಳಗೆ ತಂದ ವಿಷ ಮನುಷ್ಯರನ್ನು ಕೊಲ್ಲುತ್ತದೆ. ಗೋಧಿ ಗೋದಾಮಿಗೆ ಇಡುವ ಮಾತ್ರೆಯನ್ನು ಮಲಗುವ ಕೋಣೆಗೆ ಎಂದೂ ತರಬೇಡಿ. ಅನುಮಾನ ಬಂತೆಂದು ವಾರವಾರವೂ ಹೊಡೆಯಬೇಡಿ. ಎಷ್ಟೋ ಕಡೆಯ ತಿಗಣೆಗಳು ಸಾಮಾನ್ಯ ಔಷಧಿಗೆ ಈಗ ಬಗ್ಗುವುದಿಲ್ಲ, ಹೆಚ್ಚು ಹೊಡೆದರೆ ಮಕ್ಕಳ ಶ್ವಾಸಕ್ಕೆ ಮಾತ್ರ ಹೆಚ್ಚು ಹೋಗುತ್ತದೆ. 50 ಡಿಗ್ರಿ ಶಾಖ ಒಳಗಿನವರೆಗೂ ತಲುಪಿದರೆ ಮೊಟ್ಟೆಯೂ ಸಾಯುತ್ತದೆ. ಬಟ್ಟೆ, ಹೊದಿಕೆಗಳಿಗೆ ಕುದಿಯುವ ನೀರೇ ದೊಡ್ಡ ಔಷಧಿ.

ಪಾಣಾತಿಪಾತ ಶೀಲ ತೆಗೆದುಕೊಂಡವರು ತಿಗಣೆ ಕೊಲ್ಲಬಹುದೇ ಎಂದು ಕೆಲವರು ಕೇಳುತ್ತಾರೆ. ಬಾಬಾಸಾಹೇಬರು "ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಕೊಲ್ಲುವ ಇಚ್ಛೆಗೂ ಕೊಲ್ಲಬೇಕಾದ ಅಗತ್ಯಕ್ಕೂ ಇರುವ ಅಂತರವನ್ನು ತೋರಿಸಿದ್ದಾರೆ. ಮಗುವಿನ ನಿದ್ದೆ ಕಾಯುವುದು ಅಗತ್ಯ. ಸಾಕ್ಷಿಯೇ ಇಲ್ಲದೆ ಹೆದರಿಕೆಗೆ ವಿಷ ಸುರಿಯುವುದಕ್ಕೆ ಅಗತ್ಯದ ಹೆಸರು ಕೊಡಲಾಗದು.

*ಅನುಮಾನ ಯಾರ ಮೇಲೆ ಬೀಳುತ್ತದೆ?*

ನಮ್ಮ ಬಳಗ ಯೋಚಿಸಲೇಬೇಕಾದ ಮಾತು ಇದು. ಇಂದಿರಾನಗರದ ಫ್ಲಾಟಿನಲ್ಲಿ ತಿಗಣೆ ಕಂಡರೆ ಮೊದಲು ಬೆರಳು ತೋರಿಸುವುದು ಯಾರ ಕಡೆಗೆ? ಮನೆಕೆಲಸದ ಅಕ್ಕನ ಕಡೆಗೆ. ಪಿಜಿಯಲ್ಲಾದರೆ ಕೊನೆಗೆ ಬಂದ ಬಡ ಹುಡುಗನ ಕಡೆಗೆ. ತಿಗಣೆ ವಿಮಾನದ ಸೂಟ್‌ಕೇಸಿನಲ್ಲೂ ಬರುತ್ತದೆ, ದೊಡ್ಡ ಹೋಟೆಲಿನಲ್ಲೂ ಇರುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಬಿರುಕು.

ಈ ನಗರಕ್ಕೆ ಇದು ಹಳೆಯ ಪಾಠ. 1898ರಲ್ಲಿ ಬೆಂಗಳೂರಿಗೆ, ನಮ್ಮ ದಂಡು ಪ್ರದೇಶಕ್ಕೂ, ಪ್ಲೇಗ್ ಬಂದಾಗ ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಿದರು, ಮನೆಗಳಿಗೆ ಔಷಧಿ ಹೊಡೆದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪ್ರಯೋಗ ಮಾಡಿ ತೋರಿಸಿದ. ತಜ್ಞರು ಅದನ್ನು ಒಪ್ಪಲು ವರ್ಷಗಳೇ ಬೇಕಾದವು. ಏನನ್ನು ಹುಡುಕಬೇಕೆಂದು ತಿಳಿಯದಿದ್ದಾಗ ತೊಳೆಯುವ ಕೆಲಸಕ್ಕೆ ಕೊನೆ ಇರುವುದಿಲ್ಲ. ಆಗ ಅನುಮಾನ ವಸ್ತುವಿನಿಂದ ಮನುಷ್ಯರಿಗೆ ದಾಟುತ್ತದೆ.

ಇನ್ನು ಮಹಾಡ್ ನೆನೆಯಿರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಮಂತ್ರ ಹೇಳಿ ಕೆರೆಯನ್ನು "ಶುದ್ಧಿ" ಮಾಡಿದರು. ನೀರಿನಲ್ಲಿ ಏನಿದೆ ಎಂದು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಲು ಅಲ್ಲಿ ಏನೂ ಇರಲಿಲ್ಲ. ನಮ್ಮ ಹಿರಿಯರು ಎಷ್ಟು ಸ್ನಾನ ಮಾಡಿದರೂ, ಎಷ್ಟು ಓದಿದರೂ, ಎಷ್ಟು ತಲೆಮಾರು ಕಳೆದರೂ "ಈಗ ಸರಿಹೋಯಿತು" ಎಂದು ಹೇಳುವ ದಿನವನ್ನು ಆ ವ್ಯವಸ್ಥೆ ಗೊತ್ತು ಮಾಡಲೇ ಇಲ್ಲ. ಅಸ್ಪೃಶ್ಯತೆ ಎಂದರೆ ಸಾಕ್ಷಿಯಿಂದ ಹುಟ್ಟದ, ಸಾಕ್ಷಿಗೆ ಮಣಿಯದ, ಕೊನೆಯ ದಿನವೇ ಇಲ್ಲದ ಅನುಮಾನ.

ಅಂಥ ಅನುಮಾನದ ಪೆಟ್ಟು ತಿಂದ ಜನ ನಾವು. ಆದ್ದರಿಂದ ನಮ್ಮ ಮನೆಯಲ್ಲಿ ಯಾವ ಅನುಮಾನ ಹುಟ್ಟಿದರೂ ಅದಕ್ಕೆ ಎರಡು ಕಟ್ಟು ಹಾಕಬೇಕು. ಅದು ಮಂಚದ ಸಂದನ್ನು ನೋಡಲಿ, ಮನುಷ್ಯರ ಮುಖವನ್ನಲ್ಲ. ಅದಕ್ಕೊಂದು ಮುಗಿಯುವ ದಿನ ಇರಲಿ. ಆ ದಿನ ಬಂದಾಗ, ಸಾಕ್ಷಿ ಇಲ್ಲದಿದ್ದರೆ, ಪೂರ್ತಿಯಾಗಿ ಬಿಡಬೇಕು. ಮನೆಗೆ ಬಂದವರನ್ನು ಅದೇ ಮಂಚದ ಮೇಲೆ ಕೂರಿಸಿ ಚಹಾ ಕೊಡಬೇಕು. ಮುಂದೆ ಎಂದಾದರೂ ಒಂದು ತಿಗಣೆ ಕಂಡರೆ ಮತ್ತೆ ನೋಡೋಣ, ಮತ್ತೆ ಕೆಲಸ ಮಾಡೋಣ. ಎಹಿಪಸ್ಸಿಕೋ, ಬಂದು ನೋಡು ಎಂಬ ಧಮ್ಮಕ್ಕೆ ಮತ್ತೊಮ್ಮೆ ನೋಡುವುದರಲ್ಲಿ ಸೋಲಿಲ್ಲ.

*ಇಂದಿನ ಅಭ್ಯಾಸ:* ತಿಗಣೆಯದೇ ಆಗಬೇಕೆಂದಿಲ್ಲ. ಯಾವುದಾದರೂ ವಸ್ತುವಿನ ಮೇಲೆ, ಕಾಯಿಲೆಯ ಮೇಲೆ, ವ್ಯಕ್ತಿಯ ಮೇಲೆ ನಿಮಗಿರುವ ಒಂದು ಅನುಮಾನವನ್ನು ಕಾಗದದ ಮೇಲೆ ಬರೆಯಿರಿ. ಅದರ ಕೆಳಗೆ, ಏನು ಕಂಡರೆ ಅದು ನಿಜ, ಎಷ್ಟು ದಿನ ಏನು ಕಾಣದಿದ್ದರೆ ಅದು ಮುಗಿಯಿತು ಎಂದು ಬರೆಯಿರಿ. ಎರಡನೇ ಸಾಲು ಬರೆಯಲು ಆಗದಿದ್ದರೆ ಆ ಕಾಗದ ಹಿಡಿದು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ.

ಎಲ್ಲರಿಗೂ ನೆಮ್ಮದಿಯ ನಿದ್ದೆ ಸಿಗಲಿ. ಬಾಡಿಗೆ ಮನೆ, ಹಾಸ್ಟೆಲ್, ಪಿಜಿಗಳಲ್ಲಿ ಇರುವ ನಮ್ಮ ಮಕ್ಕಳಿಗೆ ತಪ್ಪದೆ ಕಳುಹಿಸಿ.

ನಮೋ ಬುದ್ಧಾಯ 🙏 ಜೈ ಭೀಮ್ 💙